ಭಾವನ ಮಾತು, ಭಾವಮೈದನ ಬಾಯಿ

ಬೆಂಕಿಗೇ ಸೊಪ್ಪು ಹಾಕದ ನೂಲು ಅದು. ಬಣ್ಣಕ್ಕೆ ಸೊಪ್ಪು ಹಾಕೀತೇ? ಬೆಂಕಿ ಆರಿಸುವವರ ಕೋಟಿಗೆಂದು ನೇಯಿಸಿದ ಆ ಬಟ್ಟೆಗೆ ಕಾರ್ಖಾನೆಯ ಬಣ್ಣದ ಮಾಸ್ಟರು ನೀಲಿ ಪಟ್ಟಿ ಅಚ್ಚು ಹಾಕಿ ಹಾಕಿ ಸೋತಿದ್ದರು. ಅಚ್ಚು ಹಾಕಿದಾಗ ಚೆಂದ. ಸೋಪು ಹಾಕಿದ ಕೂಡಲೇ ನೀಲಿಯೆಲ್ಲ ಬಕೆಟ್ಟಿಗೆ; ಬಟ್ಟೆ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಬಿಳಿ ಮುಖ ಮಾಡಿಕೊಂಡು ಆಚೆ.

ಯಜಮಾನಮ್ಮ ಕಡೆಗೆ ಹೇಳಿಬಿಟ್ಟರು. "ಮಾಸ್ಟ್ರೇ, ಉಳಿದಿರೋದು ಇದೊಂದೇ ತುಂಡು. ನಾಳೆ ಇದೂ ಬಣ್ಣ ಬಿಟ್ರೆ ನಾನು ಈ ವಿಭಾಗಾನೇ ಮುಚ್ಚಿಬಿಡ್ತೀನಿ. ನೀವು ಪಕ್ಕದ ಶೆಡ್ಡಲ್ಲಿ ಬೆಡ್‌ಶೀಟ್ ಮಡಚೋ ಕೆಲಸಕ್ಕೆ ಹೋಗಿ."

ಜೀವಮಾನವೆಲ್ಲ ಬಣ್ಣ ಕಟ್ಟಿದ ಮನುಷ್ಯ. ಮಡಚುವ ಮಾತು ಕೇಳಿ ಗಂಟಲು ಕಟ್ಟಿತು. ಕಟ್ಟಿದ್ದು ಬೆಳಗಾದರೂ ಬಿಡಲಿಲ್ಲ. ಡಾಕ್ಟರು ಮಾತೇ ಆಡಕೂಡದೆಂದರು. "ಮದುವೆಯಾದ ಮೇಲೆ ಇವತ್ತೇ ನಾನು ರೇಡಿಯೋ ಪೂರ್ತಿ ಕೇಳಿದ್ದು" ಎಂದ ಹೆಂಡತಿ, ಅದೇ ಕಾರ್ಖಾನೆಯಲ್ಲಿ ಬಣ್ಣದ ಪೇಸ್ಟ್ ಕಲಸುವ ತನ್ನ ತಮ್ಮನನ್ನು ಕರೆದು, "ನಿಮ್ಮ ಭಾವನ ಪಕ್ಕ ಬಿಟ್ಟು ಕದಲಬೇಡ ಕಣೋ" ಎಂದಳು.

ಈ ಭಾವಮೈದ ಯಾರ ದನಿಯನ್ನು ಬೇಕಾದರೂ ತೆಗೆಯುವವನು. ಯಜಮಾನಮ್ಮನ ಕೆಮ್ಮು, ಲಿಫ್ಟಿನ ನರಳಾಟ, ಎಲ್ಲ ಬರುತ್ತಿತ್ತು. ಅದರಲ್ಲೂ ಭಾವನ ದನಿ ಎಷ್ಟು ಪಕ್ಕಾ ಎಂದರೆ, ಒಮ್ಮೆ ಸ್ವಂತ ಅಕ್ಕನೇ ಅಡುಗೆಮನೆಯಿಂದ "ಬಂದೇ ರೀ" ಎಂದು ಓಡಿಬಂದಿದ್ದಳು.

ಅವತ್ತು ಆ ವಿದ್ಯೆ ಕೆಲಸಕ್ಕೆ ಬಂತು. ಕೆಳಮಹಡಿಯಲ್ಲಿ ಅಚ್ಚಿನ ಮೇಜು, ಬಟ್ಟೆಗೆ ಆವಿ ಹಾಯಿಸುವ ಸ್ಟೀಮರು ಎರಡನ್ನೂ ನೋಡಿಕೊಳ್ಳುವಾಕೆಗೆ ಎಲ್ಲರೂ ಆವಿ ಅಕ್ಕ ಎನ್ನುತ್ತಿದ್ದರು. "ಹಾವಿಗೆ ಹೆದರದಿದ್ರೂ ಆವಿಗೆ ಹೆದರಬೇಕು" ಎನ್ನುವ ಆಕೆ, ಇಂಟರ್‌ಕಾಮಿನಲ್ಲಿ ಮಾಸ್ಟರ ದನಿ ಕೇಳದೆ ಒಂದು ಗುಂಡಿಯನ್ನೂ ಒತ್ತುತ್ತಿರಲಿಲ್ಲ. ಹಾಗಾಗಿ ಮಾಸ್ಟರು ಪಿಸುಗುಡುವುದು, ಭಾವಮೈದ ಅದನ್ನು ಮಾಸ್ಟರ ದನಿಯಲ್ಲೇ ಕೆಳಗೆ ಮುಟ್ಟಿಸುವುದು ಎಂದಾಯಿತು.

ರಾತ್ರಿ ನಿದ್ದೆಗೆಟ್ಟು ಹೊರಳುವಾಗ ಮಾಸ್ಟರಿಗೆ ಒಂದು ಹೊಳೆದಿತ್ತು. ಪೇಸ್ಟಿನಲ್ಲಿ ನೂಲನ್ನು ಉಬ್ಬಿಸುವ ಒಂದು ದ್ರವ ಇರುತ್ತದೆ. ನೂಲು ಉಬ್ಬಿ ಬಾಗಿಲು ತೆಗೆದರೆ ತಾನೇ ಬಣ್ಣ ಒಳಗೆ ಹೋಗುವುದು? ಇವರು ಅಚ್ಚು ಹಾಕಿದ ಬಟ್ಟೆಯನ್ನು ಒಣಗಿಸಿ ಆಮೇಲೆ ಸ್ಟೀಮರಿಗೆ ಕೊಡುತ್ತಿದ್ದರು. ಒಣಗುವಾಗ ಆ ದ್ರವ ಹಾರಿಹೋಗಿ, ಬಾಗಿಲು ಹಾಕಿದ ಮೇಲೆ ಬಂದ ನೆಂಟನ ಹಾಗೆ ಬಣ್ಣ ಹೊಸ್ತಿಲಲ್ಲೇ ಕೂರುತ್ತಿತ್ತು. ಈ ಸಲ ಒಣಗಿಸದೆ ಹಸಿಯಾಗಿಯೇ ಒಳಗೆ ಕಳಿಸಬೇಕು.

ಬಣ್ಣದ ಕೋಣೆಯಲ್ಲಿ ಗಾಳಿ ಎಳೆಯುವ ಫ್ಯಾನು ಭರ್ರೆನ್ನುತ್ತಿತ್ತು. ಮಾಸ್ಟರ ಎರಡೂ ಕೈಗವಸುಗಳು ಪೇಸ್ಟಿನಲ್ಲಿ ಮುಳುಗಿದ್ದವು. ಭಾವಮೈದನ ಕಿವಿಗೆ ಬಾಯಿಟ್ಟು ಉಸಿರಿನಲ್ಲೇ ಹೇಳಿದರು. "ಬಟ್ಟೆ ಹಸಿ ಇರ್ಲಿ."

ಅವನ ಕಿವಿಗೆ ಬಿದ್ದದ್ದು ಬೇರೆ. "ಹಸಿರಿರ್ಲಿ."

"ಹಸಿರಾ, ಭಾವ? ನಿಜವಾಗ್ಲೂ?"

ಆ ಗದ್ದಲದಲ್ಲಿ ಮಾಸ್ಟರಿಗೆ "ಹಸಿನಾ" ಎಂದೇ ಕೇಳಿಸಿತು. ತಲೆಯಾಡಿಸಿದರು. ಅವನು ಇನ್ನೂ ನಿಂತೇ ಇದ್ದದ್ದು ನೋಡಿ, ಹೋಗೋ ಎನ್ನುವಂತೆ ಗದ್ದವನ್ನೂ ಎತ್ತಿದರು.

ಭಾವಮೈದ ಹೊರಗಿನ ಗೋಡೆಯ ಇಂಟರ್‌ಕಾಮ್ ಎತ್ತಿ, ಗಂಟಲು ಸರಿಮಾಡಿಕೊಂಡು ಭಾವನಾದ. "ನೋಡಮ್ಮಾ, ನೀಲಿ ಬೇಡ. ಬಟ್ಟೆ ಹಸಿರಿರ್ಲಿ."

"ಹಸಿರಾ ಮಾಸ್ಟ್ರೇ? ಇವ್ರು ಬೆಂಕಿ ಆರ್ಸಕ್ಕೆ ಹೋಗೋರೋ, ಗಿಡ ನೆಡಕ್ಕೆ ಹೋಗೋರೋ?"

"ಹೇಳಿದಷ್ಟು ಮಾಡಮ್ಮ. ಉಪಕಥೆ ಬೇಡ."

ಉಪಕಥೆ ಎಂದಮೇಲೆ ಅದು ಮಾಸ್ಟರೇ, ಅನುಮಾನವಿಲ್ಲ. ಆವಿ ಅಕ್ಕ ನೀಲಿ ಹತ್ತಿದ ಅಚ್ಚಿನ ಸ್ಕ್ರೀನು ತೊಳೆದು, ಇನ್ನೊಬ್ಬ ಗಿರಾಕಿಯ ಇಂಥದೇ ಬಟ್ಟೆಗೆ ಕಲಸಿಟ್ಟಿದ್ದ ಹಸಿರು ಪೇಸ್ಟ್ ತಂದು ಅಚ್ಚು ಹಾಕುವಷ್ಟರಲ್ಲಿ ಹೊತ್ತು ಮೀರಿತು. ಬಾಗಿಲಲ್ಲಿ ಯಜಮಾನಮ್ಮನ ಕಾರು ನಿಂತ ಸದ್ದಾಯಿತು. ಒಣಗಿಸಲು ಪುರುಸೊತ್ತೆಲ್ಲಿ? ಮಾಸ್ಟರು ಬೈದರೆ ಬೈಯಲಿ ಎಂದು ತುಂಡನ್ನು ಹಾಗೇ ಸ್ಟೀಮರಿಗೆ ತುರುಕಿದಳು.

ಮಾಸ್ಟರು ಕೆಳಗಿಳಿದಾಗ ಮೇಜಿನ ಮೇಲೆ ಎಳೆ ಹುಲ್ಲಿನ ಹಾಗೆ ಬಟ್ಟೆ ಹರಡಿತ್ತು. ಅವರ ಬಾಯಿ ತೆರೆಯಿತು. ದನಿ ಬರಲಿಲ್ಲ.

"ನಾನು ಕೇಳಿದ್ದು ನೀಲಿ" ಎಂದರು ಯಜಮಾನಮ್ಮ. "ಹಸಿರು ಅಂದಿದ್ದು ಯಾರು?"

"ಮಾಸ್ಟ್ರೇ" ಎಂದಳು ಆವಿ ಅಕ್ಕ.

ಮಾಸ್ಟರು ಇಲ್ಲವೆಂದು ತಲೆಯಲ್ಲಾಡಿಸಿದರು.

"ಈ ಕಿವೀಲೇ ಕೇಳಿದೀನಿ, ಸುಳ್ಳು ಹೇಳ್ತೀನಾ?"

"ಅಂದಿದ್ದು ನಾನು" ಎಂದ ಭಾವಮೈದ. "ಅನ್ಸಿದ್ದು ಭಾವ."

"ದನಿ ಯಾರದೋ ಅವ್ರು ಹೇಳಿಲ್ಲ ಅಂತಾರೆ, ಹೇಳಿದವ್ನು ಮಾತು ನಂದಲ್ಲ ಅಂತಾನೆ. ನನ್ನ ತಲೇನೂ ಅದೇ ಸ್ಟೀಮರಿಗೆ ಹಾಕ್ಬಿಡಿ." ಯಜಮಾನಮ್ಮ ಸಿಟ್ಟಿನಲ್ಲೇ ಬಟ್ಟೆಯ ಹಸಿರಿಗೆ ಸೋಪು ಹಚ್ಚಿ ಬಿಳಿ ಅರಿವೆಯಿಂದ ಉಜ್ಜಿದರು. ಅರಿವೆ ಬಿಳಿ. ಇನ್ನೂ ಜೋರಾಗಿ ಉಜ್ಜಿದರು. ಬಿಳಿಯೇ.

"ಬಣ್ಣ ಹಿಡಿದಿದೆಯಲ್ಲ" ಎಂದು ಮೆಲ್ಲಗೆ ಅಂದರು. "ಏನು ಮಾಡಿದ್ರಿ ಮಾಸ್ಟ್ರೇ ಈ ಸಲ?"

ಮಾಸ್ಟರು ತುಟಿ ಆಡಿಸಿದರು. "ಹಸಿ ಇತ್ತು."

"ಹಸಿರಿರೋದು ಕಾಣ್ತಿದೆ. ನಂಗೂ ಕಣ್ಣಿದೆ."

ಮಾಸ್ಟರು ಬಕೆಟ್ಟಿಗೆ ಕೈ ಹಾಕಿ ಒದ್ದೆ ಅರಿವೆ ತೆಗೆದು ಅವರೆದುರೇ ಹಿಂಡಿದರು. ನೀರು ತೊಟ್ಟಿಕ್ಕುವುದನ್ನು ನೋಡುತ್ತ ಭಾವಮೈದನ ಮುಖ ಬಣ್ಣ ಬಿಟ್ಟಿತು. "ಹಸಿ... ಭಾವ, ಹಸೀನಾ ನೀವಂದಿದ್ದು?"

"ಹಸಿ ಇದ್ದದ್ದೂ ನಿಜಾನೇ" ಎಂದಳು ಆವಿ ಅಕ್ಕ. "ಒಣಗಿಸೋಕೆ ಟೈಮೆಲ್ಲಿತ್ತು?"

ಯಜಮಾನಮ್ಮ ಕುರ್ಚಿ ಎಳೆದು ಕೂತರು. "ಈಗ ಹಿಡಿಸಿದ್ದು ಹಸಿಯೋ ಹಸಿರೋ?"

ಯಾರಿಗೂ ಗೊತ್ತಿರಲಿಲ್ಲ. ಹಸಿರು ಬಣ್ಣದ ಗುಣವೇ ಹಾಗಿದ್ದರೆ ನೀಲಿಯ ಗತಿ ಮತ್ತೆ ಬಕೆಟ್ಟೇ. ಮಾಸ್ಟರ ಗತಿ ಬೆಡ್‌ಶೀಟೇ. ತುಂಡಿನ ಅಂಚಿನಲ್ಲಿ ಅಚ್ಚು ತಾಗದ ಒಂದು ಪಟ್ಟಿ ಉಳಿದಿತ್ತು. ಮಾಸ್ಟರು ಅದನ್ನು ಕತ್ತರಿಸಿಕೊಂಡು, ಯಾರ ಬಾಯಿಯನ್ನೂ ನಂಬದೆ ತಾವೇ ಸ್ಕ್ರೀನು ಹಿಡಿದು, ನೀಲಿ ಎಳೆದು, ಹಸಿಹಸಿಯಾಗಿ ಸ್ಟೀಮರಿಗೆ ಕೊಟ್ಟರು. ಅದು ಹೊರಬರುವವರೆಗೆ ಭಾವಮೈದ ಸ್ಟೀಮರಿನ ಬಾಗಿಲು ಬಿಟ್ಟು ಕದಲಲಿಲ್ಲ.

ಯಜಮಾನಮ್ಮ ಸೋಪು ಹಚ್ಚಿ ಉಜ್ಜಿ, ಅರಿವೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು. "ಇಲ್ಲಿ ನೀಲಿ ಇದೆ."

"ನಿಮ್ಮ ಬೆರಳಿನ ನೆರಳಮ್ಮ ಅದು" ಎಂದಳು ಆವಿ ಅಕ್ಕ.

ಕಿಟಕಿಗೆ ಹಿಡಿದರು. ತಿರುಗಿಸಿದರು. ಬೆರಳು ತೆಗೆದರು. ಬಿಳಿ.

"ಇನ್ನೊಂದು ರೋಲ್ ತರಿಸ್ತೀನಿ" ಎಂದು ಎದ್ದರು. "ಮಡಚೋಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ ಬಿಡಿ."

ಅವರು ಹೋದಮೇಲೆ ಮಾಸ್ಟರು ಭಾವಮೈದನ ಕಡೆ ತಿರುಗಿದರು. ಕೈ ಮೇಲೆದ್ದು, ಗಾಳಿಯಲ್ಲಿ ಸ್ವಲ್ಪ ಹೊತ್ತು ಅನುಮಾನಿಸಿ, ಅವನ ಬೆನ್ನ ಮೇಲೆ ಧಪ್ಪೆಂದು ಬಿತ್ತು. ತುಸು ಜೋರಾಗಿಯೇ ಬಿತ್ತು.

"ಭಾವ, ಇದು ಹೊಡೆದಿದ್ದೋ, ತಟ್ಟಿದ್ದೋ?"

ಮಾಸ್ಟರು ತಮ್ಮ ಅಂಗೈಯನ್ನು ನೋಡಿಕೊಂಡರು. ಅವರಿಗೂ ಗೊತ್ತಾಗಲಿಲ್ಲ.