ಎಣ್ಣಿ ಪಂಪಿನ ಬ್ಯಾಟರಿ

ಶಿರವಾಳದ ಆಚೆ, ಕಾಲುವೆಯ ಕಟ್ಟಕಡೆಯ ತೂಬಿನ ಪಕ್ಕದ ಊರಿನಲ್ಲಿ ಲಿಂಗಣ್ಣನ ಮನೆ. ಮೇಲಿನ ಊರುಗಳವರು ಕಾಲುವೆಗೇ ಮೋಟರು ಇಳಿಬಿಟ್ಟು ಎಳೆದುಕೊಳ್ಳುತ್ತಿದ್ದರು. ಕೆಳಗಿನವರ ಪಾಲಿಗೆ ಉಳಿಯುತ್ತಿದ್ದುದು ಕಾಲುವೆ, ನೀರಲ್ಲ. ಆದ್ದರಿಂದ ಈ ಸಲ ಕೆಳಗಿನ ಊರಿನವರೆಲ್ಲ ಶಹಾಪುರಕ್ಕೆ ಹೋಗಿ ಕರೆಂಟ್ ಆಫೀಸಿನ ಮುಂದೆ ಟೆಂಟು ಹಾಕಿ ಕೂತರು. ನೀರು ಬಿಟ್ಟ ದಿನಗಳಲ್ಲಿ ಕಾಲುವೆ ದಂಡೆಯ ಲೈನಿಗೆ ಹಗಲು ಕರೆಂಟು ತೆಗೆಯಿರಿ, ಮೋಟರು ನಿಲ್ಲಲಿ, ನೀರು ಕೆಳಗಿಳಿಯಲಿ ಎಂಬುದು ಬೇಡಿಕೆ. ಅದೇ ಲೈನು ತಮ್ಮೂರಿಗೂ ಬರುತ್ತದೆಂದು ಅವರಿಗೆ ಗೊತ್ತಿತ್ತು. ಫ್ಯಾನಿಲ್ಲದೆ ಬದುಕಬಹುದು ಎಂದುಕೊಂಡಿದ್ದರು.

ಟೆಂಟಿನಲ್ಲಿ ಮೈಕು ಲಿಂಗಣ್ಣನ ಕೈಗೆ ಬಂತು. ಯಾರ ದನಿಯನ್ನಾದರೂ ಅವರಿಗಿಂತ ಚೆನ್ನಾಗಿ ತೆಗೆಯುವ ಗಂಟಲು ಅವನದು. ಮೈಸೂರು ಕಡೆಯಿಂದ ಬಂದಿದ್ದ, ಮಾತಿನ ನಡುನಡುವೆ ಮೂಗಿನಲ್ಲೇ ಹೂಂಕರಿಸುವ ಕರೆಂಟ್ ಸಾಹೇಬರ ದನಿಯನ್ನು ಅವರೆದುರಿಗೇ ತೆಗೆದ.

"ನೋಡಿ ಇವ್ರೇ... ಹ್ಞೂಂಕ್... ಹಾಗೆಲ್ಲ ಆಗಲ್ಲ, ಪರಿಶೀಲಿಸ್ತೀವಿ... ಹ್ಞೂಂಕ್... ಪರಿಶೀಲಿಸ್ತಾ ಪರಿಶೀಲಿಸ್ತಾನೇ ರಿಟೈರ್ ಆಗ್ತೀವಿ."

ಟೆಂಟು ನಕ್ಕಿತು. ಸಾಹೇಬರೂ ನಕ್ಕರು. ನಕ್ಕವರು ಆದೇಶವನ್ನೂ ಹೊರಡಿಸಿದರು.

ಆದೇಶ ಜಾರಿಗೆ ಬರುವ ದಿನವೇ ಲಿಂಗಣ್ಣನ ಹೆಂಡತಿ ಶಿವಬಸಮ್ಮನ ವರ್ಗಾವಣೆ ಕೌನ್ಸೆಲಿಂಗ್ ಬಿತ್ತು.

ಆಕೆ ಕೊಡೇಕಲ್ ಕಡೆಯ ಒಂದು ಶಾಲೆಯಲ್ಲಿ ಟೀಚರು. ವಾರವಿಡೀ ಅಲ್ಲಿ ಬಾಡಿಗೆ ಖೋಲಿ, ಶನಿವಾರ ಮಧ್ಯಾಹ್ನ ಬಸ್ಸು ಬದಲಿಸಿ ಬದಲಿಸಿ ಮನೆ. ಮಗಳು ಆಕೆಯನ್ನು ‘ಶನಿವಾರದವ್ವ’ ಎಂದು ಕರೆಯತೊಡಗಿದ್ದಳು. ಮೊದಲ ಸಲ ಎಲ್ಲರೂ ನಕ್ಕರು; ಶಿವಬಸಮ್ಮ ಅಡುಗೆಮನೆಗೆ ಹೋಗಿ ಯಾವುದೋ ಡಬ್ಬಿ ತೆಗೆದು, ಮತ್ತೆ ಮುಚ್ಚಿಟ್ಟಳು. ಈಗ ಶಿರವಾಳದ ಶಾಲೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಕೌನ್ಸೆಲಿಂಗ್ ಮನೆಯಿಂದಲೇ ನಡೆಯುವುದು. ನಂಬರು ಕರೆದಾಗ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಮುಖ ತೋರಿಸಿ ಊರು ಆರಿಸಬೇಕು. ಮುಖ ಕಾಣದಿದ್ದರೆ ಸಾಲಿನಲ್ಲಿ ಹಿಂದಿರುವವರ ಸರದಿ.

"ಅವತ್ತ ಹಗಲು ಕರೆಂಟ್ ಇರಂಗಿಲ್ಲ, ನಾ ಶಹಾಪುರಕ್ಕ ಹೋಗಿ ಯಾವದಾರ ಕಂಪ್ಯೂಟರ್ ಅಂಗಡ್ಯಾಗ ಕುಂದರ್ತೀನಿ," ಎಂದಿದ್ದಳು.

"ಮಂದಿ ಅಂಗಡ್ಯಾಗ ಯಾಕ ಕುಂದರ್ತಿ? ಹತ್ತಿಗಿ ಎಣ್ಣಿ ಹೊಡಿಯೋ ಪಂಪ್ ಅದ ಅಲ್ಲ? ಅದರ ಬ್ಯಾಟರಿ ಹನ್ನೆರಡು ವೋಲ್ಟು, ನಮ್ಮ ನೆಟ್ ಡಬ್ಬಿನೂ ಹನ್ನೆರಡು. ಜಾತಕ ಕೂಡ್ಯಾವ, ಲಗ್ನ ಮಾಡೋದಷ್ಟ ಉಳದದ."

ಹಿಂದಿನ ದಿನ ಸಂಜೆ ಲಗ್ನವೂ ಆಯಿತು. ಕೀಟನಾಶಕದ ವಾಸನೆಯ ಪಂಪಿನಿಂದ ಬ್ಯಾಟರಿ ಕಳಚಿ, ವೈರು ಸುತ್ತಿ, ಟೇಪು ಹಚ್ಚಿ, ಲಿಂಗಣ್ಣ ಮನೆಯ ಮೇನ್ ಸ್ವಿಚ್ ಇಳಿಸಿದ. ಕತ್ತಲಾದ ಪಡಸಾಲೆಯಲ್ಲಿ ಡಬ್ಬಿಯ ಹಸಿರು ದೀಪಗಳು ಮಾತ್ರ ಮಿನುಗಿದವು. ಲ್ಯಾಪ್‌ಟಾಪಿನಲ್ಲಿ ವಿಡಿಯೋ ನೀರಿನಂತೆ ಹರಿಯಿತು.

"ನೋಡು, ನೆಟ್ ಎಷ್ಟ್ ನೆಟ್ಟಗ ನಿಂತದ," ಎಂದ.

ಶಿವಬಸಮ್ಮ ನಕ್ಕಳು. ಶಹಾಪುರದ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಮುಂಜಾನೆ ಹೇಳಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಸರಕಾರದ ಕೆಲಸ ಇಷ್ಟು ಶಿಸ್ತಾಗಿ ಆದದ್ದನ್ನು ಊರು ಅದೇ ಮೊದಲು ಕಂಡಿತು. ಕಟ್ಟೆಯ ಮೇಲೆ ಯಾರೋ ಸಿಳ್ಳು ಹೊಡೆದರು. ಶಿವಬಸಮ್ಮ ಹೊಸ ಸೀರೆ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಆಕೆಗಿಂತ ಮುಂಚಿನ ನಂಬರುಗಳು ಕೆಲವೇ ಉಳಿದಿದ್ದವು. ಪರದೆಯ ಮೇಲಿನ ಮುಖಗಳು ಹಾಗೇ ಹೆಪ್ಪುಗಟ್ಟಿದವು, ಆಮೇಲೆ ಒಂದು ಚಕ್ರ ತಿರುಗತೊಡಗಿತು. ಡಬ್ಬಿಯ ದೀಪಗಳು ಉರಿಯುತ್ತಿದ್ದವು. ಆದರೆ ಅವುಗಳಲ್ಲೊಂದು ಕೆಂಪಗಾಗಿತ್ತು.

ಲಿಂಗಣ್ಣ ವೈರು ಬಿಚ್ಚಿ ಕಟ್ಟಿದ, ಕಟ್ಟಿ ಬಿಚ್ಚಿದ. ಮೊಬೈಲಿನಲ್ಲಿ ಮಾತು ಹೋಗುತ್ತಿತ್ತು, ನೆಟ್ಟು ಹೋಗುತ್ತಿರಲಿಲ್ಲ. ಊರಿನವರೆಲ್ಲ ಒಂದೇ ಟವರಿಗೆ ಜೋತುಬಿದ್ದಿದ್ದರು. ಮೇಲಿನ ಊರಿನ ಖಂಡಪ್ಪನಿಗೆ ಫೋನು ಹಚ್ಚಿದ. ಈ ಭಾಗಕ್ಕೆಲ್ಲ ನೆಟ್ಟಿನ ತಂತಿ ಎಳೆದವನು ಅವನೇ.

"ನಿಮ್ಮ ಡಬ್ಬಿ ಎಚ್ಚರಿದ್ದು ಏನ್ ಮಾಡ್ತದ್ರಿ?" ಎಂದ ಖಂಡಪ್ಪ. "ನಿಮಗ ನೆಟ್ ಬರೋದು ನಮ್ಮ ಮನ್ಯಾಗಿನ ಮಷೀನಿಂದ. ಅದು ಮಲಗ್ತು."

"ನಿನ್ನಿ ನಡೀತಲ್ಲೋ?"

"ನಿನ್ನಿ ನೀವು ನಿಮ್ಮ ಮನಿ ಒಂದ ಬಂದ್ ಮಾಡಿದ್ರಿ. ಇವತ್ತು ನಮ್ಮನ್ನೂ ಬಂದ್ ಮಾಡ್ಸೀರಿ. ನನ್ನ ಮೋಟರ್ ಸೈತ ನಿಂತದ."

ನೆಟ್ಟಿನಲ್ಲೂ ತಾವು ಕೊನೆಯ ತೂಬಿನವರೇ ಎಂದು ಲಿಂಗಣ್ಣನಿಗೆ ಆಗ ಹೊಳೆಯಿತು.

"ಮಷೀನಿಗೆ ಬ್ಯಾಟರಿ ಇಲ್ಲೇನು?"

"ಇತ್ತು, ಸತ್ತದ. ಅದು ನನ್ನ ತಪ್ಪು, ಇಲ್ಲ ಅನ್ನಂಗಿಲ್ಲ. ಹಗಲೆಲ್ಲ ಕರೆಂಟ್ ಹೋಗ್ತದ ಅಂತ ಯಾರಿಗ್ ಗೊತ್ತಿತ್ರಿ?"

"ನಮ್ಮ ಎಣ್ಣಿ ಪಂಪಿನ ಬ್ಯಾಟರಿ ತರ್ಲಿ?"

"ಮನಿ ಕರೆಂಟ್ ಮ್ಯಾಲ ನಡಿಯೋ ಮಷೀನ್ರಿ ಇದು. ಬಂಡಿಗಿ ಆಡು ಹೂಡಿದಂಗಾಗ್ತದ."

ಶಿವಬಸಮ್ಮ ಪರದೆಯಿಂದ ಕಣ್ಣು ಕೀಳದೆ, "ಶಹಾಪುರಕ್ಕ ಈಗ ಹೊಂಟ್ರ?" ಎಂದಳು.

"ಮುಟ್ಟೋದ್ರಾಗ ನಿನ್ನ ನಂಬರ್ ದಾಟಿರ್ತದ."

ಉಳಿದದ್ದು ಗಂಟಲೊಂದೇ. ಲಿಂಗಣ್ಣ ಹಿತ್ತಲಿಗೆ ಹೋಗಿ ಲೈನ್‌ಮನ್ ಅಯ್ಯಣ್ಣನಿಗೆ ಫೋನು ಮಾಡಿದ.

"ಅಯ್ಯಣ್ಣ ಅವ್ರೇ... ಹ್ಞೂಂಕ್... ನಾನು ಮಾತಾಡ್ತಿರೋದು. ಕಾಲುವೆ ಲೈನು ಒಂದರ್ಧ ಗಂಟೆ ಕೊಡಿ, ಪರಿಶೀಲನೆ ಇದೆ."

"ಆತ್ರಿ ಸರ್," ಎಂದ ಅಯ್ಯಣ್ಣ. ಆಮೇಲೆ ಸಣ್ಣಗೆ ನಕ್ಕ. "ಲಿಂಗಣ್ಣ, ಅವರಕಿಂತ ಛಲೋ ತಗೀತಿ ನೋಡು. ಆದ್ರ ಸಾಹೇಬ್ರು ಮುಂಜಾನಿನೇ ಹೇಳ್ಯಾರಪ. ನನ್ನ ದನಿಯಾಗ ಯಾರ್ ಫೋನ್ ಮಾಡಿದ್ರೂ ಲೈನ್ ಕೊಡಬ್ಯಾಡ, ನಾನೇ ಮಾಡಿದ್ರೂ ಕೊಡಬ್ಯಾಡ, ಕಾಗದ ಬಂದ್ರಷ್ಟ ಅಂತ."

"ಅಯ್ಯಣ್ಣ, ನಗಬ್ಯಾಡ. ನನ್ನ ಹೆಂಡ್ತಿ ವರ್ಗದ ಮಾತದ. ಹತ್ತು ಮಿನಿಟ್ ಕೊಡು, ಕೈ ಮುಗೀತೀನಿ."

"ಈಗ ತಗದಿದ್ದು ಯಾರ ದನಿ? ಇದು ಗುರ್ತ ಹತ್ಲಿಲ್ಲ."

ಲಿಂಗಣ್ಣ ಫೋನು ಇಟ್ಟ.

ಒಳಗೆ ಶಿವಬಸಮ್ಮನ ಮೊಬೈಲು ರಿಂಗಾಯಿತು. ಕೊಡೇಕಲ್ ಕಡೆಯ ಅದೇ ಶಾಲೆಯ ಕಿರಿಯ ಟೀಚರು ಮಲ್ಲಾಬಾಯಿ, ಸುರಪುರದ ಅಣ್ಣನ ಮನೆಯಿಂದ.

"ಅಕ್ಕಾ, ಎಲ್ಲಿದ್ದಿ? ನಿನ್ನ ಹೆಸರು ಕರದ್ರು, ಮತ್ತ ಮತ್ತ ಕರದ್ರು. ಗೈರ್ ಹಾಜರಿ ಅಂತ ಬರಕೊಂಡ್ರು."

"ನೆಟ್ ಹೋಗ್ಯಾದವ್ವ."

"ಈಗ ನಂದ ಪಾಳಿ ಬರ್ತದ. ಶಿರವಾಳ ಇನ್ನಾ ಖಾಲಿನೇ ತೋರ್ಸಾಕತ್ತದ." ಮಲ್ಲಾಬಾಯಿಯ ದನಿ ಇಳಿಯಿತು. "ನಾ ಬಿಟ್ರ ನನ್ನ ಹಿಂದಿನವರು ತಗೋತಾರ. ನೀ ಹೇಳಕ್ಕಾ. ತಗೋಳ್ಳೋ, ಬ್ಯಾಡೋ?"

ಶಿವಬಸಮ್ಮ ಬಾಗಿಲಲ್ಲಿ ನಿಂತ ಗಂಡನ ಕಡೆ ನೋಡಿದಳು. ಬೀದಿಯಲ್ಲಿ ಯಾರೋ, ನೀರು ಬಂತು, ಸಲಿಕೆ ತಗೊಂಡು ಬರ್ರಿ ಎಂದು ಕೂಗುತ್ತ ಹೋದರು. ಲಿಂಗಣ್ಣ ಕದಲಲಿಲ್ಲ.

"ತಗೋ," ಎಂದಳು.

"ಅಕ್ಕಾ..."

"ತಗೋ ಅಂದ್ನೆಲ್ಲ. ಬಾಡಿಗಿ ಮನಿ ಹುಡುಕಬ್ಯಾಡ. ನಮ್ಮ ಮನ್ಯಾಗ ಇರು, ವಾರವೆಲ್ಲ ಇಲ್ಲಿ ನನ್ನ ಖೋಲಿ ಖಾಲಿನೇ ಇರ್ತದ."

ಅತ್ತ ಫೋನು ಕೆಳಗಿಟ್ಟ ಸದ್ದು ಕೇಳಿಸಿತು. ಮಲ್ಲಾಬಾಯಿಯ ಹೆಸರು ಕರೆದಿದ್ದರು.