ಹಳೇ ಕಿಟಕಿ

“ಬುಟ್ಟಿ ಹಿಡಿಯೇ ಮುಂಡೇದೇ. ನಿನ್ನ ಗಂಡ ಎದ್ದು ಬಂದು ಬಾಚ್ತಾನಾ?”

ಮ್ಯಾನೇಜರ್ ಬಾಗಿಲಿನಿಂದ ಕೂಗಿದ. ಸಿದ್ದಿ ಬುಟ್ಟಿ ಹಿಡಿದಳು. ಸುಂದರ್ ಸುತ್ತಿಗೆ ಬೀಸಿದ. ಒಂದು ಇಟ್ಟಿಗೆ ಒಳಕ್ಕೆ ಉರುಳಿತು, ಅದರ ಹಿಂದೆ ಇನ್ನೆರಡು. ತೂತಿನಿಂದ ಬೆಳಕು ಮೊದಲ ಸಲ ಆ ಕೋಣೆಗೆ ಬಂತು. ಹರಿದ ಹಾಸಿಗೆ, ಬಣ್ಣದ ಡಬ್ಬಿ, ನೆಲದ ಮೇಲೆ ದುಂಡಗಿನ ಕರಿಯ ಕಲೆ. ಇಷ್ಟನ್ನು ನೋಡಿ ಬೆಳಕು, ತಪ್ಪು ಮನೆಗೆ ಬಂದ ನೆಂಟನಂತೆ, ಅಲ್ಲೇ ನಿಂತುಬಿಟ್ಟಿತು.

ಮ್ಯಾನೇಜರ್ ರಾಜ್‌ಕುಮಾರ್ ಕರವಸ್ತ್ರ ಮೂಗಿಗೆ ಹಿಡಿದು ಬಾಗಿಲಲ್ಲಿದ್ದ. ಮಧ್ಯಾಹ್ನ ಅಗ್ನಿಶಾಮಕದ ಸಾಹೇಬರು ಬರುವಷ್ಟರಲ್ಲಿ ಕಿಟಕಿ ಕೂರಬೇಕು ಎಂದು ಸುಂದರನ ತಾಯಿಯನ್ನೂ ಅಕ್ಕನನ್ನೂ ಮಾತಿಗೆ ಎಳೆದು ಬೈದ. ಚೌಕಟ್ಟು ಗೋಡೆಗೆ ಒರಗಿತ್ತು. ಯಾರದೋ ಕೆಡವಿದ ಮನೆಯದು, ಗುಜರಿಯಲ್ಲಿ ಹುಡುಕಿ ತಂದದ್ದು. ಹಸಿರು ಬಣ್ಣ ಚಕ್ಕೆ ಎದ್ದಿತ್ತು, ಸರಳುಗಳಿಗೆ ತುಕ್ಕು. ಹೊಸದು ಇಟ್ಟರೆ ಯಾವ ದಡ್ಡನಿಗೂ ಗೊತ್ತಾಗುತ್ತದೆ ಎಂದು ರಾಜ್‌ಕುಮಾರನೇ ಯೋಚಿಸಿದ್ದ. ಸಿಮೆಂಟು ಹಚ್ಚಿದ ಮೇಲೆ ಹಳೆಯದಾಗಿ ಕಾಣುವಂತೆ ಬಳಿಯಲು ಅಡುಗೆಮನೆಯಿಂದ ಒಂದು ಪಾತ್ರೆ ಟೀ ಡಿಕಾಕ್ಷನ್ನೂ ಮಸಿಯೂ ಬಂದಿದ್ದವು.

ಜನವರಿಯಲ್ಲಿ ಹುಲ್ಲಿನ ಮೇಲೆ ಮಂಜು ಉಪ್ಪಿನಂತೆ ಕಟ್ಟಿದ ದಿನ ಸಿದ್ದಿಯ ಗಂಡ ಚಿಕ್ಕ ಈ ಕೋಣೆಯಲ್ಲಿ ಸತ್ತಿದ್ದ. ಲಾಡ್ಜಿನ ಅತಿಥಿಗಳು ಅಂಗಳದಲ್ಲಿ ಬೆಂಕಿ ಹಾಕಿಕೊಂಡು ಕುಣಿದು ಮಲಗಿದ ಮೇಲೆ, ಉಳಿದ ಕೆಂಡವನ್ನು ಕಬ್ಬಿಣದ ಬಾಣಲೆಗೆ ತುಂಬಿ ಒಳಗಿಟ್ಟುಕೊಂಡಿದ್ದ. ಹುಟ್ಟಿದಾಗಿನಿಂದ ಅವನು ಬೆಂಕಿಯ ಪಕ್ಕದಲ್ಲೇ ಮಲಗಿದವನು. ಮಾವನಲ್ಲ ಎಂಬ ಊರಿನ ಆಚೆ, ಕಾಡಿನಂಚಿನ ಅವರ ಹಾಡಿಯಲ್ಲಿ ಒಲೆ ಆರುವುದಿಲ್ಲ. ಹೊಗೆ, ಬಿಸಿ, ಎಲ್ಲ ಹುಲ್ಲಿನ ಸೂರಿನಲ್ಲಿ ದಾರಿ ಮಾಡಿಕೊಂಡು ಹೋಗುತ್ತದೆ. ಬೆಂಕಿ ಇಟ್ಟುಕೊಂಡು ಅಲ್ಲಿ ಯಾರೂ ಸತ್ತದ್ದಿಲ್ಲ. ಈ ಸಿಮೆಂಟಿನ ಪೆಟ್ಟಿಗೆಗೆ ಸೂರು ಇರಲಿಲ್ಲ, ಸ್ಲ್ಯಾಬು ಇತ್ತು. ಪಕ್ಕದಲ್ಲಿ ಮಲಗಿದ್ದ ಸುಂದರ್ ಬದುಕಿದ. ಹೇಗೆ ಎಂದು ಅವನು ಯಾರಿಗೂ ಹೇಳಿರಲಿಲ್ಲ.

ಪೊಲೀಸರು ಬಂದಾಗ ಹೆಣ ಆಗಲೇ ಅಂಗಳದಲ್ಲಿತ್ತು. ಚಳಿಗೆ ಕಿಟಕಿ ಮುಚ್ಚಿಕೊಂಡಿದ್ದ ಎಂದು ಲಾಡ್ಜಿನ ಮಾಲೀಕ, ಕೆಲಸದವರೆಲ್ಲ ಮೊದಲಾಳಿ ಎನ್ನುವ ಗಿರಿಧರನ್ ಹೇಳಿದ. ಕೋಣೆಯೊಳಗೆ ಯಾರೂ ಇಣುಕಲಿಲ್ಲ. ಈಗ ಅಗ್ನಿಶಾಮಕದವರು ಇಣುಕುತ್ತೇವೆ ಎಂದಿದ್ದರು. ಜನ ಮಲಗುವ ಕೋಣೆಗೆ ಗಾಳಿಯ ದಾರಿ ಇರಲಿಲ್ಲ ಎಂದಾದರೆ ಸೀಸನ್ನಿಗೆ ಮುಂಚೆ ಲಾಡ್ಜಿಗೆ ಬೀಗ.

ಗಂಡನ ಜಾಗಕ್ಕೆ ಸಿದ್ದಿಯನ್ನು ಕಸ ಗುಡಿಸಲು ಕರೆಸಿಕೊಂಡದ್ದೂ ಗಿರಿಧರನ್ನೇ. ಮಗಳು ಗಾಯತ್ರಿ ಹಾಡಿಯಲ್ಲಿ ಅಜ್ಜಿಯ ಬಳಿ ಇದ್ದಳು.

ಚೌಕಟ್ಟು ಕೂತ ಮೇಲೆ ಗಿರಿಧರನ್ ಬಂದು ನೋಡಿ ತಲೆದೂಗಿದ. ಮೊದಲಾಳಿ ಬೈಯುವ ಮನುಷ್ಯನಲ್ಲ. ಅದಕ್ಕೆ ಸಂಬಳ ಕೊಟ್ಟು ಒಬ್ಬನನ್ನು ಇಟ್ಟಿದ್ದ. ಇಂದು ಊಟದ ಹಾಲಿನಲ್ಲಿ ಬೀದಿಯ ಲಾಡ್ಜಿನವರಿಗೂ ಮನೆ ಮಾಲೀಕರಿಗೂ ಬೆಂಕಿಯ ನಿಯಮಗಳ ಪಾಠ ಇದೆ, ಕೊನೆಯಲ್ಲಿ ಅವಳೂ ನಾಲ್ಕು ಮಾತು ಆಡಬೇಕು ಎಂದ.

“ಹೇಳು ನೋಡೋಣ ಅಮ್ಮಾ. ನನ್ನ ಗಂಡ ಕಿಟಕಿ ಮುಚ್ಚಿ ಕೆಂಡ ಇಟ್ಕೊಂಡ. ಬುದ್ಧಿ ಇರಲಿಲ್ಲ. ನೀವ್ಯಾರೂ ಹಂಗೆ ಮಾಡ್ಬೇಡಿ.”

ಸಿದ್ದಿ ಬಾಗಿ ಇಟ್ಟಿಗೆ ಚೂರುಗಳನ್ನು ಬುಟ್ಟಿಗೆ ತುಂಬಿದಳು. ನಾಚಿಕೆ ಇರಬೇಕು, ಜನ ಕಂಡರೆ ತಾನೇ ಬರುತ್ತದೆ ಎಂದುಕೊಂಡು ಅವನು ಹೊರಟುಹೋದ.

ಸುಂದರ್ ಕೈ ತೊಳೆಯುತ್ತಾ, ಅವಳ ಮುಖ ನೋಡದೆ ಮಾತಾಡಿದ.

“ಹೇಳ್ಬುಡಕ್ಕ. ಸತ್ತೋನ್ಗೆ ಬುದ್ದಿ ಇತ್ತು, ಇರ್ನಿಲ್ಲ, ಏನಾದದು? ಲಾಡ್ಜು ಮುಚ್ಚುದ್ರೆ ನಾನೂ ನೀನೂ ಫಾರೆಸ್ಟ್‌ನೋರ ಲಾಂಟಾನ ಕಳೆ ಕೀಳಕ್ಕೆ ಹೋಗ್ಬೇಕು.”

“ನೀನು ಹೆಂಗ್ ಬದುಕ್ದೆ ಸುಂದರಾ?”

ಅವನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದ.

ಹಾಲಿನಲ್ಲಿ ಕುರ್ಚಿಗಳು ತುಂಬಿದವು. ಶಾಲು, ಉಣ್ಣೆಯ ಟೋಪಿ, ವರ್ಕಿ ಬಿಸ್ಕತ್ತು ಮುರಿಯುವ ಸದ್ದು. ಅಧಿಕಾರಿ ನಂಜುಂಡನ್ ಮೇಜಿನ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇಟ್ಟು, ಪಿನ್ ಎಳೆಯುವುದು, ಉರಿಯ ಬುಡಕ್ಕೆ ಗುರಿ ಹಿಡಿಯುವುದು ತೋರಿಸಿದರು. ಮೆಟ್ಟಿಲ ಕೆಳಗೆ ಬೈಕು ನಿಲ್ಲಿಸಬೇಡಿ, ಹಿಂಬಾಗಿಲಿಗೆ ಬೀಗ ಹಾಕಬೇಡಿ, ಗ್ಯಾಸನ್ನು ಗಾಳಿಯಾಡುವಲ್ಲಿ ಇಡಿ ಎಂದರು. ಹಿಂಬಾಗಿಲು ತೆರೆದಿಟ್ಟರೆ ಕೆಲಸದವರು ಕದ್ದ ಸಾಮಾನಿಗೆ ಇಲಾಖೆ ಜವಾಬ್ದಾರಿಯೇ ಎಂದು ಪ್ರವಾಸಿಗರಿಗೆ ಮನೆ ಬಾಡಿಗೆ ಕೊಡುವ ಕಮಲಂ ಕೇಳಿದರು. ಪರಿಶೀಲನೆಯ ದಿನಕ್ಕೆ ಮಾತ್ರ ಕೆಂಪು ಸಿಲಿಂಡರ್ ಬಾಡಿಗೆಗೆ ಸಿಗುತ್ತದೆಯೇ ಎಂದು ಇನ್ನೊಬ್ಬರು ಕೇಳಿದರು. ಎಲ್ಲರೂ ನಕ್ಕರು. ಕೇಳಿದವರು ನಗಲಿಲ್ಲ.

ಆಮೇಲೆ ನಂಜುಂಡನ್ ದನಿ ತಗ್ಗಿಸಿ ಇದ್ದಿಲ ಮಾತಿಗೆ ಬಂದರು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವನನ್ನು ಎಬ್ಬಿಸದೆ ಕೊಲ್ಲುತ್ತದೆ ಎಂದರು. ಇದೇ ಕಟ್ಟಡದಲ್ಲಿ ಹಾಗಾಗಿದೆ. ಕಿಟಕಿ ಇತ್ತಂತೆ, ತೆರೆಯುವ ತಿಳುವಳಿಕೆ ಇರಲಿಲ್ಲವಂತೆ. ಪಾಠ ಮುಗಿದ ಮೇಲೆ ತಾವೇ ಆ ಕೋಣೆ ನೋಡುವವರಿದ್ದಾರೆ. ಸತ್ತವನ ಹೆಂಡತಿ ಈಗ ಎರಡು ಮಾತು ಹೇಳುತ್ತಾಳೆ.

ಎಲ್ಲರೂ ತಿರುಗಿದರು. ಸಿದ್ದಿ ಅಲ್ಲಿರಲಿಲ್ಲ. ರಾಜ್‌ಕುಮಾರ್ ಹಲ್ಲು ಕಡಿದು ಹೊರಗೆ ಓಡಿದ.

ಅವನು ಹಿಂತಿರುಗುವ ಮೊದಲೇ ಅವಳು ಅಡುಗೆಮನೆಯ ಬಾಗಿಲಿನಿಂದ ಬಂದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಿಟಕಿ. ಕಾಡಿನಿಂದ ಸೌದೆ ಹೊತ್ತು ತರುವಾಗಿನ ನಡಿಗೆ, ಅವಸರವಿಲ್ಲದ್ದು. ಒಂದು ಕದ ಬಿಚ್ಚಿಕೊಂಡು ಹೆಜ್ಜೆಹೆಜ್ಜೆಗೂ ಪಟಪಟ ಬಡಿಯುತ್ತಿತ್ತು. ಚೌಕಟ್ಟಿನ ಅಂಚಿನಿಂದ ಹಸಿ ಸಿಮೆಂಟು ಅವಳ ಹೆಗಲ ಮೇಲೆ, ನೆಲಹಾಸಿನ ಮೇಲೆ, ಕಮಲಂ ಅವರ ಶಾಲಿನ ಮೇಲೆ ಬಿತ್ತು. ಮುಂದಿನ ಸಾಲಿನವರು ಕಾಲು ಎಳೆದುಕೊಂಡು ದಾರಿ ಬಿಟ್ಟರು. ಅವಳು ಅದನ್ನು ಮೇಜಿನ ಮೇಲೆ, ಕೆಂಪು ಸಿಲಿಂಡರ್ ಪಕ್ಕಕ್ಕೆ ಇಳಿಸಿದಳು. ಟೀ ಕಪ್ಪುಗಳು ನಡುಗಿದವು.

“ಅಂವ ಮುಚ್ಚಿದ್ ಕಿಟ್ಕಿ ಇದೇ ಸಾಮಿ,” ಅಂದಳು. “ಇವತ್ತು ಬೆಳ್ಗೆ ಇಟ್ರು. ಗೋಡೆ ಒಡ್ದಾಗ ಇಟ್ಗೆ ಹೊತ್ತೋಳು ನಾನೇ. ಚಿಕ್ಕ ಸಾಯೋವಾಗ ಅಲ್ಲಿ ಗೋಡೆ ಇತ್ತು. ಗೋಡೆನ ಹೆಂಗ್ ತೆಗೀತಾರೆ? ನಿಮ್ ಪಾಠದಲ್ಲಿ ಅದೂ ಇದ್ರೆ ಹೇಳಿ.”

ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತ ರಾಜ್‌ಕುಮಾರ್, ಗಂಡ ಹೋದ ಮೇಲೆ ಇವಳಿಗೆ ತಲೆ ಸರಿಯಿಲ್ಲ ಸಾರ್, ಕಾಡಿನ ಜಾತಿ, ಎಂದ. ನಂಜುಂಡನ್ ಚೌಕಟ್ಟಿನ ಅಂಚಿನ ಸಿಮೆಂಟನ್ನು ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಇಳಿಯಿತು. ಮೂಸಿ ನೋಡಿದರು. ಟೀ.

ಟ್ರೇ ಹಿಡಿದು ಗೋಡೆಗೆ ಅಂಟಿಕೊಂಡಿದ್ದ ಸುಂದರನ ಕಡೆ ತಿರುಗಿ, ಪೊಲೀಸರ ವರದಿಯಲ್ಲಿ ನಿನ್ನ ಹೆಸರಿದೆ, ನೀನೂ ಅಲ್ಲೇ ಮಲಗಿದ್ದೆಯಲ್ಲ ಎಂದು ಕೇಳಿದರು. ಸುಂದರ್ ಮೊದಲಾಳಿಯನ್ನು ನೋಡಿದ. ಆಮೇಲೆ ಟ್ರೇ ನೆಲಕ್ಕಿಟ್ಟ.

“ಬಾಗ್ಲ ಕೆಳ್ಗಡೆ ಸಂದಿ ಅದೆ ಸಾರ್. ಎಚ್ರ ಆದಾಗ ತಲೆ ಎತ್ತಕ್ಕಾಗ್ನಿಲ್ಲ. ಆ ಸಂದಿಗೆ ಬಾಯಿಟ್ಟು ಬಿದ್ದಿದ್ದೆ. ಅಣ್ಣನ ಕಾಲು ಹಿಡ್ದು ಎಳ್ದೆ. ಬರ್ನಿಲ್ಲ. ಸಂದಿ ಒಬ್ನಿಗೇ ಆಗಷ್ಟು ಇತ್ತು.”

ಯಾರೂ ವರ್ಕಿ ಮುರಿಯಲಿಲ್ಲ.

ಗಿರಿಧರನ್ ಎದ್ದ. ಮುಖ ಬಿಳಿಚಿತ್ತು, ದನಿ ಮಾತ್ರ ಮೆತ್ತಗೇ ಇತ್ತು. ಎಲ್ಲರೂ ಹೊರಗೆ ಬಿಸಿಲಲ್ಲಿ ಟೀ ಕುಡಿಯಿರಿ ಎಂದು ಕಳಿಸಿದ, ರಾಜ್‌ಕುಮಾರನನ್ನೂ. ಹಾಲಿನಲ್ಲಿ ಸುಂದರನೂ ಸೇರಿ ನಾಲ್ವರು ಉಳಿದರು, ಮೇಜಿನ ಮೇಲೆ ಕಿಟಕಿ. ನಂಜುಂಡನ್ ಪೆನ್ನಿನ ಮುಚ್ಚಳ ತೆಗೆದರು, ಬರೆಯಲಿಲ್ಲ. ಅವಳ ಬಾಯಿಂದ ಬರುವುದನ್ನೇ ಬರೆಯಲು ಅವರು ಕಾಯುತ್ತಿದ್ದಾರೆ ಎಂಬುದು ಸಿದ್ದಿಗೂ ಕಂಡಿತು.

ಗಿರಿಧರನ್ ಅವಳಿಗೆ ಕುರ್ಚಿ ಎಳೆದು ಕೊಟ್ಟ. ಈ ಲಾಡ್ಜಿನಲ್ಲಿ ಅವಳಿಗೆ ಯಾರೂ ಕುರ್ಚಿ ಎಳೆದದ್ದಿಲ್ಲ. ಅವಳು ಕೂರಲಿಲ್ಲ. ಅವನು ಮಾತಾಡುತ್ತಾ ಹೋದ. ಲಾಡ್ಜಿನ ಮುಂದಿನ ಸಾಲಿನಲ್ಲಿ ಅಡುಗೆಮನೆ ಇರುವ ಕೋಣೆ, ಎರಡು ಕಡೆ ಗಾಳಿ ಬೆಳಕು, ಅವಳ ಹೆಸರಿಗೇ ಬರೆದುಕೊಡುತ್ತಾನೆ. ಗಾಯತ್ರಿಯನ್ನು ಊಟಿಯ ಒಳ್ಳೆಯ ಶಾಲೆಗೆ ಸೇರಿಸುತ್ತಾನೆ. ಚಿಕ್ಕನಿಗೆ ಬುದ್ಧಿ ಇರಲಿಲ್ಲ ಅನ್ನುವುದೂ ಬೇಡ, ಆ ಮಾತು ಬಿಟ್ಟುಬಿಡೋಣ.

“ಕಿಟಕಿ ಮೊದಲಿನಿಂದ ಇತ್ತು, ರಿಪೇರಿಗೆ ತೆಗ್ದು ಇವತ್ತು ತಿರುಗಿ ಇಟ್ರು. ಇಷ್ಟು ಸಾರ್‌ಗೆ ಹೇಳು. ಸುಂದರನೂ ಹೂಂ ಅಂತಾನೆ. ಮಗಳ ಮುಖ ನೋಡಮ್ಮಾ.”

ಸಿದ್ದಿ ತಲೆಯ ಸಿಂಬಿ ತೆಗೆದು ಬಿಚ್ಚಿದಳು. ಅದು ಅವಳ ಹಳೆಯ ಸೀರೆಯ ತುಂಡು. ಅದರಿಂದ ಹೆಗಲ ಸಿಮೆಂಟು ಒರೆಸಿಕೊಂಡಳು.

“ಬ್ಯಾಡ.”

“ಯಾವ್ದು ಬೇಡ? ರೂಮ್ ಬೇಡ್ವಾ, ಸ್ಕೂಲ್ ಬೇಡ್ವಾ? ಬೇರೆ ಏನು ಬೇಕು, ಬಾಯ್ಬಿಟ್ಟು ಕೇಳು.”

“ನಿನ್ ಕೈಯಿಂದ ಏನೂ ಬ್ಯಾಡ,” ಅಂದಳು ಸಿದ್ದಿ.