ಕೊಯ್ಯುವ ಮೊದಲು ಕೇಳಿ

ನಮ್ಮ ಚಾಳಿನಲ್ಲಿ ಹೆಂಗಸಿಗೆ ಹೊಟ್ಟೆನೋವು ಬಂದರೆ ಎಲ್ಲರೂ ಡಾಕ್ಟರೇ. ಒಬ್ಬರು ಜೀರಿಗೆ ಕಷಾಯ ಎನ್ನುತ್ತಾರೆ, ಇನ್ನೊಬ್ಬರು ಬಿಸಿ ಇಟ್ಟಿಗೆಯ ಶಾಖ ಎನ್ನುತ್ತಾರೆ. ಆಸ್ಪತ್ರೆಗೆ ನಡೆ ಎನ್ನುವವರು ಮಾತ್ರ ಸಿಗುವುದಿಲ್ಲ.

ನಾನು ನೇತ್ರಾ. ಮುಂಬೈಯ ಘಾಟ್ಕೋಪರ್‌ನಲ್ಲಿ ನಮ್ಮ ಹೆಂಗಸರದೊಂದು ಬಚತ್ ಗಟ್, ಅಂದರೆ ಉಳಿತಾಯದ ಗುಂಪು, ಇದೆ. ಬೆಳಗಾದರೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇವೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಈ ಕಥೆ ಹೇಳುವಾಗಲಂತೂ ಬಂದೇ ಬರುತ್ತದೆ. ಬರಲಿ.

ನಮ್ಮೊಳಗೆ ಎಲ್ಲರಿಗಿಂತ ತೆಳ್ಳಗೆ ರೊಟ್ಟಿ ಬಡಿಯುವವಳು ಶಿವಕುಮಾರಿ. ಊರು ವಿಜಯಪುರದ ಕಡೆ. ಗಂಡ ಸುಭಾಷ ಕಟ್ಟಡಗಳಿಗೆ ಟೈಲ್ಸ್ ಕೂರಿಸುತ್ತಾನೆ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿಲ್ಲ. ಪಕ್ಕದ ಮನೆಯ ಕುಬಸದ ಕಾರ್ಯಕ್ಕೆ ನೂರು ರೊಟ್ಟಿ ಬಡಿದುಕೊಟ್ಟವಳು ಅವಳೇ. ಬಸುರಿಗೆ ಆರತಿ ಎತ್ತಲು ಮಾತ್ರ ಅವಳನ್ನು ಕರೆಯಲಿಲ್ಲ.

ಪ್ರತಿ ತಿಂಗಳು ಮುಟ್ಟಾದಾಗ ಅವಳ ಕೈ ನಿಂತುಬಿಡುತ್ತಿತ್ತು. ಮೈಲಿಗೆ ನೋಡುತ್ತ ಕೂತರೆ ಮುಂಬೈಯಲ್ಲಿ ಹೊಟ್ಟೆ ತುಂಬುವುದಿಲ್ಲ, ಹಾಗಾಗಿ ಕೆಲಸಕ್ಕೆ ಬರುತ್ತಿದ್ದಳು. ಬಂದವಳು ಹಿಟ್ಟಿನ ಹಲಗೆಗೆ ಹಣೆ ಆನಿಸಿ, ಸೆರಗು ಕಚ್ಚಿಕೊಂಡು ಕೂರುತ್ತಿದ್ದಳು. ಅತ್ತೆ ಹನುಮವ್ವ ಎದುರಿನ ಒಲೆಯಿಂದಲೇ ಗದರುತ್ತಿದ್ದಳು.

“ಹೆಣ್ಣಾಗಿ ಹುಟ್ಟಿದ ಮ್ಯಾಲ ಇದೆಲ್ಲಾ ಇದ್ದದ್ದ. ಒಂದ್ ಕೂಸಾಗಲಿ, ಬ್ಯಾನಿ ತಾನ ಹೋಗತೈತಿ.”

ಕೇಳಿದಿರಾ ಮದ್ದು? ನೋವು ಹೋಗಲು ಕೂಸು ಹುಟ್ಟಬೇಕಂತೆ. ಕೂಸಿಗೆ ಅಡ್ಡಗಾಲು ಹಾಕಿದ್ದೂ ಆ ನೋವಿನ ಮೂಲವೇ ಇರಬಹುದು ಎಂದು ಐದು ವರ್ಷದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಒಂದು ದಿನ ನಾನೇ ಅವಳ ರಟ್ಟೆ ಹಿಡಿದು ಮುನ್ಸಿಪಾಲ್ಟಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರ್ ರಂಜನಾ ಸೋನೋಗ್ರಫಿ ಮಾಡಿಸಿ ಹಿಂದಿಯಲ್ಲಿ ನಿಧಾನವಾಗಿ ತಿಳಿಸಿದರು. ರೋಗದ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗಿರುವಂಥ ಪದರ ಹೊರಗೆ ಬೇರೆ ಕಡೆಯೂ ಬೆಳೆಯುತ್ತದೆ. ಅಂಡಾಶಯದಲ್ಲಿ ಬೆಳೆದರೆ ಹಳೆಯ ರಕ್ತ ಅಲ್ಲೇ ನಿಂತು, ಕಂದು ಬಣ್ಣಕ್ಕೆ ತಿರುಗಿ, ಗಂಟು ಕಟ್ಟುತ್ತದೆ. ಅದಕ್ಕೇ ಚಾಕೊಲೇಟ್ ಗಂಟು ಎನ್ನುತ್ತಾರೆ. ಶಿವಕುಮಾರಿಗೆ ಎರಡೂ ಕಡೆ ಅಂಥ ಗಂಟಿತ್ತು. ಮುಂದಿನ ವಾರ ಗಂಡನನ್ನೂ ಕರೆತನ್ನಿ, ಇಬ್ಬರದೂ ತಪಾಸಣೆ ಮಾಡಿ ದಾರಿ ಯೋಚಿಸೋಣ, ಅವಸರ ಬೇಡ ಎಂದರು.

ಮನೆಯಲ್ಲಿ ಹನುಮವ್ವ ಹುಬ್ಬೇರಿಸಿದಳು. “ಚಾಕಲೇಟಾ? ಅಷ್ಟ ಚಾಕಲೇಟ್ ಯಾವಾಗ ತಿಂದೀಯೇ?”

ನಗು ಬಂತು, ಆದರೆ ಬಹಳ ಹೊತ್ತು ಉಳಿಯಲಿಲ್ಲ. ಸಂಜೆಗೆ ಸುದ್ದಿ ಊರಿಗೂ ಮುಟ್ಟಿ, ಹನುಮವ್ವನ ತಮ್ಮ ಅಣವೀರಪ್ಪನ ಫೋನು ಬಂತು. ಅವನಿಗೆ ಗುರುತಿನ ಡಾಕ್ಟರೊಬ್ಬರಿದ್ದರಂತೆ. “ಹೊಲದಾಗ ಕಸಾ ಇಟಗೊಂಡು ಯಾರರ ಬಿತ್ತತಾರೇನಕ್ಕಾ? ಎರಡೂ ಕಡಿ ಗಂಟು ಕಿತ್ತು ಒಗಸಿ ಹಸನ ಮಾಡಸೂಣು. ಕಳಸಿಕೊಡು.”

ಮುಗಿಯಿತು. ಶುಕ್ರವಾರದ ಗಾಡಿಗೆ ಟಿಕೆಟ್ ಆಯಿತು. “ಇಲ್ಲಿ ಆಪರೇಶನ್ ಮಾಡಿಸಿದ್ರ ನೋಡವ್ರು ಯಾರು? ಊರಾಗ ಮಂದಿ ಅದಾರ” ಎಂದಳು ಹನುಮವ್ವ. ಮುಂಬೈಗೆ ಬಂದ ನಮ್ಮವರ ರೂಢಿಯೇ ಇದು. ತಪಾಸಣೆ ಇಲ್ಲಿ, ಆಪರೇಶನ್ ಊರಲ್ಲಿ. ಇಲ್ಲಿಯ ಡಾಕ್ಟರಿಗೆ ಅಲ್ಲಿಯ ಸುದ್ದಿ ಗೊತ್ತಿಲ್ಲ. ಇವಳಿಗೆ ಮಗು ಬೇಕಾಗಿದೆ ಎಂದು ಅಲ್ಲಿಯ ಡಾಕ್ಟರಿಗೆ ಹೇಳುವವರಿಲ್ಲ. ಇನ್ನು ಮೈ ಯಾರದೋ ಅವಳನ್ನು ಕೇಳುವುದಂತೂ ದೂರದ ಮಾತು.

ಗುರುವಾರ ಬೆಳಗ್ಗೆ ರೊಟ್ಟಿ ಒಯ್ಯಲು ಬುಷರಾ ಬಂದಳು. ಅವಳ ಗಂಡ ರಮಜಾನನದೊಂದು ಸಣ್ಣ ಖಾನಾವಳಿ ಇದೆ. ಅವರದೂ ವಿಜಯಪುರದ ಕಡೆಯೇ. ಆಪರೇಶನ್ನಿನ ಸುದ್ದಿ ಕೇಳಿದವಳೇ ಬುಟ್ಟಿ ಕೆಳಗಿಟ್ಟು ಹನುಮವ್ವನ ಕಡೆ ತಿರುಗಿದಳು.

“ಮಾವಶೀ, ಇಕಿ ಅಂಡಾಶಯದಾಗ ಎಷ್ಟು ತತ್ತಿ ಉಳದಾವಂತ ರಕ್ತ ತಪಾಸಣಿ ಮಾಡಿಸೀರೇನು?”

“ಅದೆಲ್ಲಾ ಯಾಕಬೇ? ಮೊದಲ ಗಂಟು ಹೋಗಲಿ. ಹೊಲಾ ಹಸನಾಗಲಿ.”

“ಹೊಲಾ ಅಲ್ಲ ಮಾವಶೀ ಅದು!” ಬುಷರಾಳ ದನಿ ಇಡೀ ಗಲ್ಲಿಗೆ ಕೇಳಿಸಿತು. “ಅದು ಬಿತ್ತೋ ಕಾಳಿನ ಚೀಲ. ಹೆಣ್ಣು ಹುಟ್ಟುವಾಗನ ತುಂಬಿಸಿ ಕಳಿಸಿದ ಚೀಲ, ಮತ್ತ ತುಂಬೂದಿಲ್ಲ. ಕಾಳಿಗೆ ನುಸಿ ಹತ್ತೇತಂತ ನುಸಿ ಜೋಡಿ ಕಾಳೂ ಚೆಲ್ಲತೀರೇನು? ನಂದು ಚೆಲ್ಯಾರ. ಇದ ಗಂಟು, ಹಿಂಗ ಊರಿಗೆ ಕರಕೊಂಡು ಹೋಗಿ ಎರಡೂ ಕಡಿ ಕೊಯ್ಯಿಸಿದ್ರು. ಮಕ್ಕಳು ಬೇಕೇನವಾ ಅಂತ ಒಬ್ಬರೂ ಕೇಳಲಿಲ್ಲ. ಆಮ್ಯಾಲ ಮಕ್ಕಳಾಗೋ ಟ್ರೀಟ್ಮೆಂಟಿಗೆ ಹೋದೆ. ದಿನಾ ಸೂಜಿ ಚುಚ್ಚಿಸಿಕೊಂಡೆ. ತತ್ತಿ ಹೊರಗ ತಗದು ಗರ್ಭಾ ಕಟ್ಟಸಾಕ ನೋಡಿದ್ರು, ಸಿಕ್ಕಿದ್ದು ಒಂದ ತತ್ತಿ. ಅದೂ ನಿಲ್ಲಲಿಲ್ಲ.”

ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಯಾರೂ ತಿರುವಿಹಾಕಲಿಲ್ಲ.

“ಅಂದ್ರ ಗಂಟು ಹಂಗ ಇಟಗೋಬೇಕೇನು?” ಹನುಮವ್ವ ಪಟ್ಟು ಬಿಡಲಿಲ್ಲ.

“ಕೆಲವರಿಗೆ ಆಪರೇಶನ್ ಬೇಕಾಗತೈತಿ. ಗಂಟು ಭಾಳ ದೊಡ್ಡದಿದ್ರ, ಔಷಧಕ್ಕ ಬ್ಯಾನಿ ಬಗ್ಗಲಿಲ್ಲಂದ್ರ, ಅದರ ಮ್ಯಾಲ ಡಾಕ್ಟರಿಗೆ ಬ್ಯಾರೆ ಸಂಶೇ ಇದ್ರ. ಆದ್ರ ಗಂಟು ಇದ್ದಾಗೂ ಟ್ರೀಟ್ಮೆಂಟ್ ಮಾಡಾಕ ಬರತೈತಿ. ಕೊಯ್ಯೂದೋ ಬ್ಯಾಡೋ ಅಂತ ಮಕ್ಕಳಾಗೋ ಟ್ರೀಟ್ಮೆಂಟ್ ಮಾಡೋ ಡಾಕ್ಟರನ್ನ ಮೊದಲ ಕೇಳಬೇಕು. ಕೊಯ್ದ ಮ್ಯಾಲ ಕೇಳಿದ್ರ ಏನು ಬಂತು, ಮಾವಶೀ?”

ಆಗ ಶಿವಕುಮಾರಿ ಎದ್ದು ನಿಂತಳು. ಕೈತುಂಬ ಹಿಟ್ಟು. ಅತ್ತೆಯ ಎದುರು ಅವಳು ತಲೆ ಎತ್ತಿ ಮಾತಾಡಿದ್ದನ್ನು ನಾನು ಕಂಡದ್ದೇ ಇಲ್ಲ.

“ಅತ್ತೀ, ನಾ ಗಾಡಿ ಹತ್ತೂದಿಲ್ಲ.”

“ಏನಂದಿ?”

“ಹತ್ತೂದಿಲ್ಲ. ಐದು ವರ್ಷ ಬ್ಯಾನಿ ತಿಂದವಳು ನಾನು. ಬಂಜಿ ಅನಿಸಿಕೊಂಡವಳೂ ನಾನು. ನನ್ನ ಒಂದ್ ಮಾತು ಕೇಳಿದ್ರೇನು? ನಿಮ್ಮ ಮಗನ್ನ ಒಂದ್ ಸಲನಾದ್ರೂ ತಪಾಸಣಿಗೆ ಕಳಿಸಿದ್ರೇನು?”

ಹನುಮವ್ವ ಬೈಯುತ್ತಾಳೆಂದು ಕಾದೆವು. ಬೈಯಲಿಲ್ಲ. ಸೀದ ರೊಟ್ಟಿಯನ್ನು ಒಲೆಯಿಂದ ಇಳಿಸಿದಳು.

“ನನಗೂ ಹಿಂಗ ಬ್ಯಾನಿ ಬರತಿತ್ತು” ಎಂದಳು. “ದನದ ಕೊಟಗ್ಯಾಗ ಹೊಳ್ಳಾಡತಿದ್ನಿ. ಸುಭಾಷ ಹುಟ್ಟಿದ್ದು ಮದುವ್ಯಾಗಿ ಒಂಬತ್ತು ವರ್ಷಕ್ಕ. ಅಲ್ಲೀತನಾ ನನಗೂ ಯಾರೂ ಆರತಿ ಎತ್ತಾಕ ಕರೀಲಿಲ್ಲ. ಒಂದ್ ಕೂಸಾಗಲಿ ತಾನ ಹೋಗತೈತಿ ಅಂತ ನಮ್ಮತ್ತಿ ಅಂತಿದ್ಳು. ಕೂಸಾದ ಮ್ಯಾಲೂ ಹೋಗಲಿಲ್ಲವಾ. ಅದನ್ನ ಇಕಿಗೆ ಹೇಳಕೋತ ಬಂದ್ನಲ್ಲಾ, ನನ್ನ ಬಾಯಾಗ ಮಣ್ಣ ಬೀಳ!”

ಸೆರಗಿಗೆ ಕೈ ಒರೆಸಿ ತಮ್ಮನಿಗೆ ಫೋನು ಹಚ್ಚಿದಳು. “ಏ ಅಣವೀರಾ, ಆಕಿ ಬರೂದಿಲ್ಲ. ಕೊಯ್ಯಿಸಿಕೊಳ್ಳೂ ಹೌಸ ಇದ್ರ ನೀನ ಹೋಗಿ ಟೇಬಲ್ ಮ್ಯಾಲ ಮಕ್ಕೋ!”

ಮುಂದಿನ ವಾರ ಸುಭಾಷನೂ ಆಸ್ಪತ್ರೆಗೆ ಬಂದ. “ನನಗೇನಾಗೇತಿ?” ಎಂದು ಗೊಣಗಿದ. ತಾಯಿ ಒಮ್ಮೆ ದುರುಗುಟ್ಟಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡ. ಅವನ ತಪಾಸಣೆ ಸರಿ ಬಂತು. ಸರಿ ಬಾರದಿದ್ದರೂ ಅವನನ್ನು ಯಾವ ಕಾರ್ಯದಿಂದಲೂ ಯಾರೂ ಹೊರಗಿಡುತ್ತಿರಲಿಲ್ಲ ಬಿಡಿ.

ಶಿವಕುಮಾರಿಯ ಅಂಡಗಳು ಆಗಲೇ ಕಡಿಮೆಯಾಗಿದ್ದವು. ಎರಡೂ ಕಡೆ ಕೊಯ್ಯಿಸಿದ್ದರೆ ಇನ್ನೂ ಕಡಿಮೆಯಾಗುವ ಭಯವಿತ್ತು, ಈಗ ಆಪರೇಶನ್ ಬೇಡ, ಚಿಕಿತ್ಸೆ ತಡಮಾಡುವುದೂ ಬೇಡ ಎಂದರು ಡಾಕ್ಟರ್. ಚಿಕಿತ್ಸೆ ನಡೆದಿದೆ. ಕೆಲವು ಅಂಡಗಳು ಸಿಕ್ಕಿವೆ. ಮಗು ಆಗಿಯೇ ತೀರುತ್ತದೆ ಎಂದು ನಾನು ಹೇಳಲಾರೆ, ಡಾಕ್ಟರೂ ಖಾತ್ರಿ ಕೊಟ್ಟಿಲ್ಲ. ಆದರೆ ದಾರಿಯಂತೂ ಮುಚ್ಚಿಲ್ಲ. ಬುಷರಾಳ ದಾರಿಯನ್ನು ಅವಳನ್ನು ಕೇಳದೆಯೇ ಅರ್ಧ ಮುಚ್ಚಿದರಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಸ್ವಲ್ಪ ಸಿಟ್ಟು ಬರಲಿ. ಮುಟ್ಟಿನ ದಿನ ಕೆಲಸ ನಿಲ್ಲುವಷ್ಟು ನೋವು ಬಂದರೆ ಅದು ಹೆಣ್ಣಿನ ಹಣೆಬರಹವಲ್ಲ, ಆಸ್ಪತ್ರೆಗೆ ತೋರಿಸಬೇಕಾದ ಕಾಯಿಲೆ ಇರಬಹುದು. ಈ ಗಂಟು ಇರುವ ಎಷ್ಟೋ ಹೆಂಗಸರಿಗೆ ತಾನಾಗಿಯೇ ಮಕ್ಕಳಾಗುತ್ತವೆ, ಹೆದರಬೇಡಿ. ಮಕ್ಕಳು ಬೇಕಿದ್ದರೆ ಮೊದಲ ದಿನವೇ ಡಾಕ್ಟರಿಗೆ ಹೇಳಿ, ಏಕೆಂದರೆ ನೋವಿಗೆ ಕೊಡುವ ಕೆಲವು ಮಾತ್ರೆಗಳನ್ನು ನುಂಗುವಷ್ಟು ದಿನ ಬಸಿರು ನಿಲ್ಲುವುದಿಲ್ಲ. ಗಂಡ ಹೆಂಡತಿ ಇಬ್ಬರೂ ತಪಾಸಣೆ ಮಾಡಿಸಿ. ಆಪರೇಶನ್ ಊರಲ್ಲೇ ಮಾಡಿಸುವುದಾದರೂ ಇಲ್ಲಿಯ ಕಾಗದಗಳನ್ನೆಲ್ಲ ಒಯ್ಯಿರಿ. ಇದರಿಂದ ಅಂಡ ಎಷ್ಟು ಕಡಿಮೆಯಾದೀತು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

ಅದಕ್ಕೂ ಮೊದಲು, ಆ ಟೇಬಲ್ಲಿನ ಮೇಲೆ ಮಲಗುವವಳನ್ನು ಕೇಳಿ.